ತಿಸಾ ತೀರದಲ್ಲಿ ಕೂಲಿಯಿಲ್ಲದ ಕೆಲಸ



ಹಂಗೇರಿಗೆ ಹೋಗಿಬರುವ ನಮ್ಮವರಲ್ಲಿ ಹೆಚ್ಚಿನವರು ನೋಡುವುದು ಬುಡಾಪೆಸ್ಟ್ ಒಂದನ್ನೇ. ಡ್ಯಾನ್ಯೂಬ್ ದಂಡೆಯ ಪಾರ್ಲಿಮೆಂಟ್ ಕಟ್ಟಡ, ಬಿಸಿನೀರಿನ ಸ್ನಾನಗೃಹ, ದೀಪ ಹೊತ್ತಿದ ಸೇತುವೆಗಳು. ಎರಡು ರಾತ್ರಿ ಕಳೆದರೆ ವಿಯೆನ್ನಾಕ್ಕೋ ಪ್ರಾಗ್‌ಗೋ ರೈಲು. ಇವತ್ತು ನಾನು ಮಾತಾಡುವುದು ಆ ರೈಲು ಬಿಟ್ಟು, ಪೂರ್ವಕ್ಕೆ ಹೋಗುವ ನಿಧಾನದ ಗಾಡಿ ಹತ್ತುವವರ ಬಗ್ಗೆ. ಬೆನ್ನಿಗೊಂದು ಚೀಲ, ಜೇಬಿನಲ್ಲಿ ಅಳೆದು ಖರ್ಚು ಮಾಡುವಷ್ಟು ದುಡ್ಡು, ಯಾವುದೋ ಹಳ್ಳಿಯ ಸಾವಯವ ತೋಟದಲ್ಲಿ ಕೆಲವು ವಾರ ದುಡಿಯುತ್ತೇನೆಂದು ಮೊದಲೇ ಕೊಟ್ಟ ಮಾತು. ನಾನು ಹೀಗೆ ಹೋದವನು. ಒಂದು ದೇಶವನ್ನು ಅದರ ಹೊಲದ ಕಡೆಯಿಂದ ನೋಡಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ.

ಈ ಏರ್ಪಾಟಿಗೆ ಐವತ್ತು ವರ್ಷ ದಾಟಿದೆ. ಲಂಡನ್ನಿನಲ್ಲಿ ಕಾರ್ಯದರ್ಶಿ ಕೆಲಸದಲ್ಲಿದ್ದ ಸೂ ಕೊಪರ್ಡ್ ಎಂಬ ಮಹಿಳೆಗೆ ವಾರದ ಕೊನೆಯಲ್ಲಾದರೂ ಪಟ್ಟಣ ಬಿಟ್ಟು ಮಣ್ಣಿನಲ್ಲಿ ಕೈಯಾಡಿಸಬೇಕೆಂಬ ಆಸೆ. 1971ರಲ್ಲಿ ಅವರು ಕೆಲವರನ್ನು ಕಟ್ಟಿಕೊಂಡು ಸಸೆಕ್ಸ್‌ನ ಎಮರ್ಸನ್ ಕಾಲೇಜಿನ ಜಮೀನಿಗೆ ಹೋಗಿ ಎರಡು ದಿನ ಗೇಯ್ದು ಬಂದರು. ಅದೇ ಬೆಳೆದು ವೂಫ್ ಎಂಬ ಹೆಸರಿನಲ್ಲಿ ಲೋಕವೆಲ್ಲ ಹರಡಿತು. ಹಂಗೇರಿಯಲ್ಲೂ ಅದರ ಬಳಗವಿದೆ. ವರ್ಷಕ್ಕೊಂದು ಸಣ್ಣ ಶುಲ್ಕ ಕಟ್ಟಿದರೆ ತೋಟಗಳ ಪಟ್ಟಿ ಸಿಗುತ್ತದೆ. ದಿನಕ್ಕೆ ನಾಲ್ಕರಿಂದ ಆರು ಗಂಟೆ ಕೆಲಸ. ಮನೆಯವರ ಜೊತೆ ಊಟ, ಮಲಗಲು ಒಂದು ಜಾಗ. ಕೂಲಿ ಇಲ್ಲ, ಬಾಡಿಗೆಯೂ ಇಲ್ಲ.

ಲೆಕ್ಕ ಕೇಳಿದ ಕೂಡಲೇ ‘ಊಟ ವಸತಿ ಪುಕ್ಕಟೆ’ ಎಂದು ಖುಷಿಪಡುವವರಿದ್ದಾರೆ. ಆ ಖುಷಿಗಾಗಿ ಹೋಗುವುದಾದರೆ ಹೋಗಬೇಡಿ. ನಿಮ್ಮ ತಟ್ಟೆಗೆ ಬೀಳುವ ಊಟ ಸಣ್ಣ ಹಿಡುವಳಿದಾರನ ಮನೆಯದು. ನೀವು ಕಳೆ ಕೀಳುವ ಮಣ್ಣಿನ ಹಿಂದೆ ಒಂದು ದೊಡ್ಡ ಕಥೆಯಿದೆ. ಆ ಕಥೆ ಗೊತ್ತಿಲ್ಲದೆ ಹಂಗೇರಿಯ ಹಳ್ಳಿ ಅರ್ಥವಾಗುವುದಿಲ್ಲ, ಹಾಗಾಗಿ ಅದನ್ನೇ ಮೊದಲು ಹೇಳಿಬಿಡುತ್ತೇನೆ.

ಎರಡನೆಯ ಮಹಾಯುದ್ಧದವರೆಗೂ ಅಲ್ಲಿನ ನೆಲದ ದೊಡ್ಡ ಪಾಲು ಶ್ರೀಮಂತ ಮನೆತನಗಳ, ಚರ್ಚಿನ ಕೈಯಲ್ಲಿತ್ತು. 1945ರ ಭೂಸುಧಾರಣೆಯಲ್ಲಿ ಆ ದೊಡ್ಡ ಹಿಡುವಳಿಗಳನ್ನು ಒಡೆದು ಬಡ ರೈತರಿಗೆ ಹಂಚಿದರು. ಸ್ವಂತದ್ದೆಂದು ಉತ್ತು ಬಿತ್ತಿದ ಸಂತೋಷ ಹೆಚ್ಚು ಕಾಲ ಉಳಿಯಲಿಲ್ಲ. ಕಮ್ಯುನಿಸ್ಟ್ ಸರ್ಕಾರ ಎಲ್ಲರ ಹೊಲವನ್ನೂ ಸಾಮೂಹಿಕ ಕೃಷಿ ಸಂಘಗಳಿಗೆ ಸೇರಿಸಲು ಹೊರಟಿತು. 1961ರ ಹೊತ್ತಿಗೆ ಆ ಕೆಲಸ ಬಹುಪಾಲು ಮುಗಿದಿತ್ತು. ಮನೆಯ ಹಿಂದೆ ಒಂದು ತುಂಡು ನೆಲವನ್ನು, ಹೆಚ್ಚೆಂದರೆ ಒಂದೂವರೆ ಎಕರೆಯಷ್ಟನ್ನು, ಸ್ವಂತಕ್ಕೆ ಬಿಟ್ಟಿದ್ದರು. ಆ ತುಂಡಿನಲ್ಲೇ ಜನ ಹಂದಿ ಸಾಕಿದರು, ತರಕಾರಿ ಬೆಳೆದರು, ದ್ರಾಕ್ಷಿ ಹಬ್ಬಿಸಿದರು. ಹಳೆಯ ತಳಿಗಳು, ಕೈಕೆಲಸದ ಜಾಣ್ಮೆ, ಗೊಬ್ಬರದ ಲೆಕ್ಕ ಎಲ್ಲ ಉಳಿದದ್ದು ಅಲ್ಲೇ. 1989ರ ನಂತರ ವ್ಯವಸ್ಥೆ ಮಗುಚಿತು. 1991ರ ಪರಿಹಾರ ಕಾನೂನು ನೆಲ ಕಳೆದುಕೊಂಡವರಿಗೆ ಅದೇ ನೆಲವನ್ನು ಮರಳಿಸಲಿಲ್ಲ; ಪರಿಹಾರದ ಚೀಟಿ ಕೊಟ್ಟಿತು. ಆ ಚೀಟಿ ಹಿಡಿದು ಹರಾಜಿನಲ್ಲಿ ಕೂಗಿ ನೆಲ ಹಿಡಿಯಬೇಕು. ಪಟ್ಟಣ ಸೇರಿದ ಮಕ್ಕಳ ಹೆಸರಿಗೆ ಹೊಲದ ಪಟ್ಟಿಗಳು ಬಂದವು, ಒಂದೇ ಹೊಲಕ್ಕೆ ಹತ್ತಾರು ಜನ ಪಾಲುದಾರರಾದರು. ಗೇಯಲು ಬಲ್ಲವರಿಗೆ ಎಷ್ಟೋ ಕಡೆ ನೆಲ ಸಿಗಲೇ ಇಲ್ಲ.

ಇದನ್ನೆಲ್ಲ ನಾನು ಮೊದಲು ಓದಿಕೊಂಡಿದ್ದೆ. ಮನಸ್ಸಿಗೆ ಇಳಿದದ್ದು ಮಾತ್ರ ಒಬ್ಬ ಮುದುಕರ ಜೊತೆ ಸೌತೆಪಾತಿಯ ಕಳೆ ಕೀಳುವಾಗ. ಅವರು ಮೊಣಕಾಲ ಮೇಲೆ ಕುಳಿತಲ್ಲಿಂದಲೇ ಕೈಚಾಚಿ ಅಪ್ಪನ ಹೊಲ ಇದ್ದ ಜಾಗ ತೋರಿಸಿದರು. ಈಗ ಅದು ಕಣ್ಣಿಗೆ ನಿಲುಕದಷ್ಟು ದೂರ ಹರಡಿದ ಒಂದೇ ಕಂಪನಿಯ ಮೆಕ್ಕೆಜೋಳ. ಚೀಟಿಗೆ ಸಿಕ್ಕಿದ್ದು ಊರಿನ ಇನ್ನೊಂದು ಮೂಲೆಯ ಮರಳುನೆಲ. ಅದನ್ನೇ ಅವರ ಮಗಳು ಈಗ ಸಾವಯವ ತೋಟ ಮಾಡಿದ್ದಾಳೆ.

ಆ ಮರಳುನೆಲ ಇರುವುದು ಡ್ಯಾನ್ಯೂಬ್ ಮತ್ತು ತಿಸಾ ನದಿಗಳ ನಡುವಿನ ದಿಬ್ಬದ ಸೀಮೆಯಲ್ಲಿ, ಕೆಚ್ಕೆಮೇಟ್ ಪಟ್ಟಣದ ದಕ್ಷಿಣಕ್ಕೆ. ಅಲ್ಲಿ ಹಳ್ಳಿಗಿಂತ ಒಂಟಿಮನೆಗಳೇ ಹೆಚ್ಚು. ತಾನ್ಯಾ ಎಂದು ಕರೆಯುತ್ತಾರೆ: ಬಯಲಿನ ನಡುವೆ ಸುಣ್ಣ ಬಳಿದ ಒಂದು ಮನೆ, ಕೊಟ್ಟಿಗೆ, ನಾಲ್ಕು ಹಣ್ಣಿನ ಮರ, ಹಳೆಯದಾದರೆ ಒಂದು ಏತದ ಬಾವಿ. ಗಾಳಿಗೆ ಹಾರುವ ಮರಳನ್ನು ಹಿಡಿದು ನಿಲ್ಲಿಸಲು ಹಿಂದಿನವರು ದ್ರಾಕ್ಷಿ, ಏಪ್ರಿಕಾಟ್, ಅಮೆರಿಕದಿಂದ ಬಂದ ರಾಬಿನಿಯಾ ಮರ ನೆಟ್ಟರು. ಮೇ ತಿಂಗಳಲ್ಲಿ ರಾಬಿನಿಯಾ ಹೂಬಿಟ್ಟರೆ ದಾರಿಯೆಲ್ಲ ಘಮಘಮ; ಹಂಗೇರಿಯ ಹೆಸರಾಂತ ತಿಳಿಜೇನು ಆ ಹೂವಿನದೇ. ಈಗ ಆ ಸೀಮೆಗೆ ಬಂದಿರುವ ಕಷ್ಟ ನೀರಿನದು. 1970ರ ದಶಕದಿಂದ ಅಂತರ್ಜಲ ಇಳಿಯುತ್ತ, ದಿಬ್ಬದ ಎತ್ತರದ ಭಾಗಗಳಲ್ಲಿ ಹಲವು ಮೀಟರು ಕೆಳಗೆ ಹೋಗಿದೆ. ಮಳೆ ಕಮ್ಮಿಯಾದದ್ದು, ನೆರೆನೀರು ಬೇಗ ಹರಿದುಹೋಗಲೆಂದು ತೋಡಿದ ಕಾಲುವೆಗಳು, ಕೊಳವೆಬಾವಿಗಳು ಎಲ್ಲವೂ ಕಾರಣ. 2022ರ ಬರದಲ್ಲಿ ಹಂಗೇರಿಯ ಬಯಲುಸೀಮೆಯ ಮೆಕ್ಕೆಜೋಳ ನಿಂತಲ್ಲೇ ಒಣಗಿತು.

ಅದರಿಂದ ಅಲ್ಲಿನ ಸಾವಯವ ತೋಟದಲ್ಲಿ ಸ್ವಯಂಸೇವಕನ ಕೈಗೆ ಮೊದಲು ಬರುವ ಕೆಲಸ ಮುಚ್ಚಿಗೆ. ಗೋಧಿಹುಲ್ಲನ್ನು ತಬ್ಬಿ ತಂದು ಟೊಮೆಟೊ ಸಾಲುಗಳ ನಡುವೆ ಗೇಣು ದಪ್ಪಕ್ಕೆ ಹಾಸಬೇಕು. ನೋಡಲು ಸುಲಭ, ಮಧ್ಯಾಹ್ನದ ಹೊತ್ತಿಗೆ ಕುತ್ತಿಗೆ, ತೋಳು ಎಲ್ಲ ತುರಿಕೆ. ಒಂದು ವಾರ ಬಿಟ್ಟು ಆ ಹುಲ್ಲನ್ನು ಸರಿಸಿ ಕೈಯಿಟ್ಟರೆ ಕೆಳಗಿನ ಮರಳು ತಣ್ಣಗೆ, ಕಪ್ಪಗೆ, ಒದ್ದೆಯಾಗಿ ಸಿಗುತ್ತದೆ. ಪಕ್ಕದಲ್ಲಿ ಮುಚ್ಚದೆ ಬಿಟ್ಟ ಜಾಗ ಕೈ ಸುಡುತ್ತದೆ. ಆ ಎರಡರ ವ್ಯತ್ಯಾಸವನ್ನು ಬೆರಳು ಮರೆಯುವುದಿಲ್ಲ.

ಅಲ್ಲಿ ಬೆಳೆಯುತ್ತಿದ್ದ ಟೊಮೆಟೊ ಬೀಜಗಳ ಬಗ್ಗೆಯೂ ಹೇಳಬೇಕು. ಬುಡಾಪೆಸ್ಟ್‌ನ ಪೂರ್ವಕ್ಕಿರುವ ತಾಪಿಯೋಸೆಲೆ ಎಂಬ ಊರಿನಲ್ಲಿ ಹಂಗೇರಿಯ ಬೀಜಬ್ಯಾಂಕ್ ಇದೆ. ಸಾಮೂಹಿಕ ಕೃಷಿಯ ಕಾಲದಲ್ಲೇ ಹಳ್ಳಿಹಳ್ಳಿ ಸುತ್ತಿ ಹಿತ್ತಲುಗಳ ಹಳೆಯ ತಳಿಗಳನ್ನು ಒಟ್ಟುಮಾಡಿಟ್ಟ ಸಂಸ್ಥೆ ಅದು. ಈಗ ಆ ತಳಿಗಳು ಸಾವಯವ ರೈತರ ಮಡಿಗಳಿಗೆ ಮರಳುತ್ತಿವೆ. ಹಂಗೇರಿಯ ಮೂಲ ಕಾನೂನೇ, 2012ರಿಂದ ಜಾರಿಯಲ್ಲಿರುವ ಸಂವಿಧಾನವೇ, ಕುಲಾಂತರಿ ಮುಕ್ತ ಕೃಷಿಯನ್ನು ಜನರ ಆರೋಗ್ಯದ ಹಕ್ಕಿನ ಭಾಗವಾಗಿ ಹೆಸರಿಸುತ್ತದೆ. ಆದರೆ ಆಸೆಯಾಯಿತೆಂದು ಅಲ್ಲಿಂದ ಬೀಜವನ್ನು ಜೇಬಿನಲ್ಲಿಟ್ಟು ತರಬೇಡಿ. ಆಮದು ಪರವಾನಗಿ, ಸಸ್ಯ ಆರೋಗ್ಯ ಪ್ರಮಾಣಪತ್ರ ಇಲ್ಲದೆ ಬಿತ್ತನೆ ಬೀಜ ತರುವುದನ್ನು ನಮ್ಮ ದೇಶ ನಿಷೇಧಿಸಿದೆ, ಅದು ಸರಿಯೂ ಹೌದು.

ಇನ್ನು ನನಗೆ ಅತಿ ಪ್ರಿಯವಾದ ಸೀಮೆಗೆ ಬರುತ್ತೇನೆ. ದೇಶದ ಈಶಾನ್ಯ ಮೂಲೆಯಲ್ಲಿ, ಉಕ್ರೇನ್ ಮತ್ತು ರೊಮೇನಿಯಾ ಗಡಿಗೆ ಅಂಟಿಕೊಂಡು, ತಿಸಾ ಮತ್ತು ಸಾಮೋಶ್ ನದಿಗಳು ಸುತ್ತುವರಿದ ಸಾತ್‌ಮಾರ್. ಬಡ ಸೀಮೆ. ರೈಲು ನಿಂತಲ್ಲಿಂದ ಬಸ್ಸು, ಬಸ್ಸು ನಿಂತಲ್ಲಿಂದ ನಡಿಗೆ. 1846ರಲ್ಲಿ ಶುರುವಾದ ತಿಸಾ ನದಿಯ ಕಾಮಗಾರಿಯಲ್ಲಿ ನದಿಯ ತಿರುವುಗಳನ್ನು ಕತ್ತರಿಸಿ ನೇರ ಮಾಡಿದರು, ಎರಡೂ ಕಡೆ ಒಡ್ಡು ಕಟ್ಟಿದರು. ಅದಕ್ಕೂ ಮೊದಲು ನೆರೆನೀರು ಹರಡಿ ಇಳಿಯುತ್ತಿದ್ದ ತಗ್ಗುಗಳಲ್ಲಿ ಪ್ಲಮ್, ಅಕ್ರೋಟು, ಸೇಬಿನ ಮರಗಳು ಅರೆಕಾಡಾಗಿ ಬೆಳೆಯುತ್ತಿದ್ದವು. ಅವುಗಳ ಸಂತತಿ ಇವತ್ತಿಗೂ ನದಿಬದಿಯಲ್ಲಿದೆ. ಬುಡದಲ್ಲಿ ಚಿಗುರೊಡೆದು ತಾವೇ ಹಬ್ಬುವ, ಯಾರೂ ಔಷಧಿ ಹೊಡೆಯದ ನೀಲಿ ಪ್ಲಮ್ ಮರಗಳು. 2000ನೇ ಇಸವಿಯ ಜನವರಿ ಕೊನೆಯಲ್ಲಿ ರೊಮೇನಿಯಾದ ಚಿನ್ನದ ಗಣಿಯೊಂದರ ಕಟ್ಟೆ ಒಡೆದು ಸಯನೈಡ್ ನೀರು ಸಾಮೋಶ್‌ಗೆ, ಅಲ್ಲಿಂದ ತಿಸಾಕ್ಕೆ ಇಳಿದು ಮೀನುಗಳು ರಾಶಿರಾಶಿ ಸತ್ತವು. ಮರುವರ್ಷ ಮಾರ್ಚಿನಲ್ಲಿ ತಾರ್ಪಾ ಹಳ್ಳಿಯ ಬಳಿ ಒಡ್ಡೊಡೆದು ಊರುಗಳಿಗೆ ನೀರು ನುಗ್ಗಿತು. ಇಷ್ಟನ್ನು ಕಂಡ ಜನ ನದಿಯನ್ನೂ ಬಿಟ್ಟಿಲ್ಲ, ಮರಗಳನ್ನೂ ಬಿಟ್ಟಿಲ್ಲ.

ಹಣ್ಣು ಉದುರಿಸುವ ಮೊದಲು ಮರದಡಿಯ ಹುಲ್ಲು ಕೊಯ್ಯಬೇಕು. ಅದಕ್ಕೆ ಆಳೆತ್ತರದ ಹಿಡಿಯ, ಉದ್ದ ಅಲಗಿನ ದೊಡ್ಡ ಕುಡುಗೋಲು. ನಿಂತೇ ಕೊಯ್ಯುವುದು. ಬೆಳಗಿನ ಇಬ್ಬನಿ ಆರುವ ಮುಂಚೆ ಹೋಗಬೇಕು, ಒದ್ದೆ ಹುಲ್ಲು ಸಲೀಸಾಗಿ ತುಂಡಾಗುತ್ತದೆ. ಕೊಯ್ಯುವವರು ಸೊಂಟಕ್ಕೆ ದನದ ಕೊಂಬು ಕಟ್ಟಿಕೊಂಡಿರುತ್ತಾರೆ. ಅದರೊಳಗೆ ಸ್ವಲ್ಪ ನೀರು, ನೀರಿನಲ್ಲಿ ಸಾಣೆಕಲ್ಲು. ಹತ್ತು ಹೆಜ್ಜೆಗೊಮ್ಮೆ ನಿಂತು ಅಲಗಿನ ಎರಡೂ ಬದಿಗೆ ಕಲ್ಲು ಎಳೆಯುತ್ತಾರೆ. ಸಂಜೆ ಒಂದು ಪುಟ್ಟ ಅಡೆಗಲ್ಲಿನ ಮೇಲೆ ಅಲಗಿನ ಅಂಚನ್ನಿಟ್ಟು ಸುತ್ತಿಗೆಯಿಂದ ತೆಳ್ಳಗೆ ತಟ್ಟುತ್ತಾರೆ. ನನಗೆ ಕಲಿಸಿದವರು ತೋಳಿನ ಬಲ ಬಿಡು ಎಂದು ಮತ್ತೆ ಮತ್ತೆ ಹೇಳಿದರು. ಪಾದ ಊರಿ ಸೊಂಟದಿಂದ ಮೈ ತಿರುಗಿಸಬೇಕು, ಅಲಗು ನೆಲವನ್ನು ಸವರಿಕೊಂಡೇ ಹೋಗಬೇಕು. ಸರಿಯಾಗಿ ಹೋದಾಗ ಬರುವ ಸರ್ರೆನ್ನುವ ಸದ್ದನ್ನು ಕೇಳಿ ಅವರು ತಲೆಯಾಡಿಸುವರು, ಅಷ್ಟೆ.

ಸೆಪ್ಟೆಂಬರಿನಲ್ಲಿ ಪ್ಲಮ್ ಕಾಯಿಸುವ ಕಾಲ. ತೊಟ್ಟಿನ ಸುತ್ತ ಸುಕ್ಕುಬಿದ್ದ ಹಣ್ಣೇ ಬೇಕು. ಅಷ್ಟು ಹಣ್ಣಾಗುವವರೆಗೆ ಕಾಯುತ್ತಾರೆ. ಕೊಂಬೆ ಅಲುಗಿಸಿ ಚಾದರದ ಮೇಲೆ ಉದುರಿಸಿ, ಆರಿಸಿ, ತೊಳೆದು ಕೊಪ್ಪರಿಗೆಗೆ ಸುರಿಯುತ್ತಾರೆ. ಮೆತ್ತಗೆ ಬೆಂದಮೇಲೆ ಜರಡಿಯಲ್ಲಿ ಉಜ್ಜಿ ಬೀಜ, ಸಿಪ್ಪೆ ಬೇರೆ ಮಾಡಿ, ತಿರುಳನ್ನು ಮರಳಿ ಒಲೆಗೇರಿಸುತ್ತಾರೆ. ಆಮೇಲೆ ಶುರುವಾಗುವುದು ನಿಜವಾದ ಕೆಲಸ. ಸಕ್ಕರೆ ಹಾಕುವುದಿಲ್ಲ, ಒಂದು ಚಮಚವೂ ಇಲ್ಲ. ಹಣ್ಣಿನ ಸಿಹಿಯೇ ಗಟ್ಟಿಯಾಗಿ ನಿಲ್ಲಬೇಕು. ಅದಕ್ಕೆ ಗಂಟೆಗಟ್ಟಲೆ, ಎಷ್ಟೋ ಸಲ ರಾತ್ರಿಯೆಲ್ಲ, ಮರದ ಹುಟ್ಟಿನಿಂದ ತಿರುವುತ್ತಲೇ ಇರಬೇಕು. ಒಂದು ನಿಮಿಷ ಕೈಬಿಟ್ಟರೆ ತಳ ಹಿಡಿಯಿತು, ಕೊಪ್ಪರಿಗೆ ಪೂರ್ತಿ ಕಹಿ.

ಹಾಗಾಗಿ ಇದು ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ, ನೆರೆಹೊರೆಯವರು ಸರದಿಯ ಮೇಲೆ ಬರುತ್ತಾರೆ. ನನ್ನ ಸರದಿ ನಡುರಾತ್ರಿ ದಾಟಿದ ಮೇಲೆ ಬಂತು. ಆ ಹೊತ್ತಿಗೆ ಕೆಂಪಗಿದ್ದ ರಸ ಕಪ್ಪುನೀಲಿಗೆ ತಿರುಗಿ, ಅರ್ಧಕ್ಕಿಂತ ಕೆಳಗಿಳಿದು, ಬುಳಕ್ ಬುಳಕ್ ಎಂದು ಸಿಡಿಯುತ್ತಿತ್ತು. ಸಿಡಿದದ್ದು ಕೈಮೇಲೆ ಬಿದ್ದರೆ ಬೊಬ್ಬೆ. ಮನೆಯ ಅಜ್ಜಿ ನನ್ನ ಅಂಗಿಯ ತೋಳನ್ನು ಮಣಿಕಟ್ಟಿನವರೆಗೆ ಎಳೆದು ಗುಂಡಿ ಹಾಕಿ, ಹುಟ್ಟನ್ನು ಹಿಡಿಯುವ ರೀತಿ ತೋರಿಸಿ, ಪಕ್ಕದ ಬೆಂಚಿನ ಮೇಲೆ ಕುಳಿತರು. ಅವರಿಗೆ ಇಂಗ್ಲಿಷ್ ಬಾರದು, ನನಗೆ ಅವರ ಭಾಷೆಯಲ್ಲಿ ನಾಲ್ಕು ಮಾತು. ಆದರೂ ಅವರು ಮಾತಾಡುತ್ತಲೇ ಇದ್ದರು. ಹುಟ್ಟಿನಿಂದ ಎತ್ತಿದ ಮುದ್ದೆ ತೊಟ್ಟಿಕ್ಕದೆ ಅಂಟಿ ನಿಂತಾಗ ಮೊಮ್ಮಗನನ್ನು ಕೂಗಿ ಒಲೆಯ ಕೆಂಡ ಎಳೆಸಿದರು. ಮಣ್ಣಿನ ಗಡಿಗೆಗಳಿಗೆ ತುಂಬಿಟ್ಟರೆ ವರ್ಷಗಟ್ಟಲೆ ಕೆಡದಂತೆ. ಬೆಳಗ್ಗೆ ಬ್ರೆಡ್ಡಿನ ಮೇಲೆ ಸವರಿಕೊಟ್ಟರು. ಹುಳಿ, ಸಿಹಿ, ಸ್ವಲ್ಪ ಹೊಗೆ. ಅಂಗಡಿಯ ಜಾಮಿನ ರುಚಿಗೂ ಅದಕ್ಕೂ ಸಂಬಂಧವೇ ಇಲ್ಲ.

ದಕ್ಷಿಣದ ಸೆಗೆಡ್, ಕಾಲೊಚಾ ಕಡೆ ಹೋದರೆ ಅದೇ ತಿಂಗಳು ಮೆಣಸಿನಕಾಯಿಯದು. ಪಾಪ್ರಿಕಾ ಅವರ ಅಡುಗೆಗೆ ಬಣ್ಣ, ನಮ್ಮ ಬ್ಯಾಡಗಿಯ ಹಾಗೆ ಖಾರಕ್ಕಿಂತ ಕೆಂಪಿಗೇ ಬೆಲೆ. ತುರ್ಕರ ಕಾಲದಲ್ಲಿ ಬಂದ ಗಿಡ. ಸೆಗೆಡ್ ವಿಶ್ವವಿದ್ಯಾಲಯದ ಆಲ್ಬರ್ಟ್ ಸೆಂಟ್ ಗ್ಯೋರ್ಗಿ ಸಿ ಜೀವಸತ್ವವನ್ನು ರಾಶಿಗಟ್ಟಲೆ ತೆಗೆದದ್ದು ಇದರಿಂದಲೇ; 1937ರಲ್ಲಿ ಅವರಿಗೆ ನೊಬೆಲ್ ಬಂತು. ಉದ್ದ ಸೂಜಿಯಲ್ಲಿ ತೊಟ್ಟಿಗೆ ದಾರ ಪೋಣಿಸಿ ಮಾಲೆ ಕಟ್ಟಿ ಸೂರಿನಡಿ ನೇತುಹಾಕುವ ಕೆಲಸ ಸ್ವಯಂಸೇವಕರಿಗೆ ಸಿಗುತ್ತದೆ. ಕಣ್ಣುಜ್ಜಿಕೊಳ್ಳದಿದ್ದರೆ ಸಾಕು.

ಬಾರಾನ್ಯಾ ಜಿಲ್ಲೆಯ ಡ್ಯೂರೂಫೂ ಎಂಬ ಹಳ್ಳಿಯ ವಿಷಯ ಹೇಳದೆ ಮುಂದೆ ಹೋಗಲಾರೆ. ಸಣ್ಣ ಹಳ್ಳಿಗಳಿಗೆ ಭವಿಷ್ಯವಿಲ್ಲವೆಂದು ಸರ್ಕಾರ ರಸ್ತೆ, ಶಾಲೆ ಯಾವುದಕ್ಕೂ ದುಡ್ಡು ಹಾಕದಿದ್ದ ಕಾಲದಲ್ಲಿ ಇಲ್ಲಿನ ಜನ ಒಬ್ಬೊಬ್ಬರಾಗಿ ಗಂಟುಮೂಟೆ ಕಟ್ಟಿದರು. 1970ರ ಸುಮಾರಿಗೆ ಊರು ಪೂರ್ತಿ ಬರಿದಾಯಿತು. ಹಂಗೇರಿಯಲ್ಲಿ ಹಳ್ಳಿ ಸಾಯುವುದರ ಮಾತು ಬಂದರೆ ಈ ಹೆಸರೇ ಬರುತ್ತಿತ್ತು. 1990ರ ದಶಕದ ಆರಂಭದಲ್ಲಿ ಪಟ್ಟಣದ ಕೆಲವರು ಅದೇ ಜಾಗಕ್ಕೆ ಹೋಗಿ ಮಣ್ಣಿನ ಗೋಡೆಯ ಮನೆ ಕಟ್ಟಿ, ಬಳಸಿದ ನೀರನ್ನು ಜೊಂಡು ಬೆಳೆದ ಮಡುಗಳಲ್ಲಿ ಸೋಸಿ, ಪರಿಸರಕ್ಕೆ ಹೊರೆಯಾಗದೆ ಬಾಳುವ ಊರೊಂದನ್ನು ಮತ್ತೆ ಶುರುಮಾಡಿದರು. ಸಣ್ಣ ಊರು, ಸಣ್ಣದಾಗಿಯೇ ಇದೆ. ಆದರೂ ಬರಿದಾದ ಹಳ್ಳಿಗೆ ಹೊಸ ಸಂಸಾರಗಳು ಬಂದು ಹಿತ್ತಲು ಮಾಡಿಕೊಂಡದ್ದು ನನಗೆ ದೊಡ್ಡ ಸುದ್ದಿ. ವೂಫ್ ಪಟ್ಟಿಯಲ್ಲಿರುವ ಎಷ್ಟೋ ತೋಟಗಳು ಹೀಗೆ ಪಟ್ಟಣ ಬಿಟ್ಟು ಬಂದವರದ್ದೇ. ಅವರಿಗೆ ಕೈಗಳು ಬೇಕು, ಅದರಷ್ಟೇ ಮಾತಿಗೆ ಜನ ಬೇಕು.

ಸಸ್ಯಾಹಾರಿಗಳು ನನ್ನನ್ನು ಕೇಳುವ ಮೊದಲ ಪ್ರಶ್ನೆ ಊಟದ್ದು. ಅಲ್ಲಿ ಹಂದಿಕೊಬ್ಬಿನ ಬಳಕೆ ಜಾಸ್ತಿ, ಸುಮ್ಮನೆ ‘ಮಾಂಸ ತಿನ್ನುವುದಿಲ್ಲ’ ಎಂದರೆ ಸಾಲದು. ಕೊಬ್ಬಿನ ಒಗ್ಗರಣೆಯೂ ಬೇಡವೆಂದು ಮೊದಲೇ ಬರೆದು ತಿಳಿಸಿ. ಆಮೇಲೆ ಕೊರತೆಯಿಲ್ಲ. ಈರುಳ್ಳಿ, ಟೊಮೆಟೊ, ದಪ್ಪ ಮೆಣಸಿನಕಾಯಿ ಬಾಡಿಸಿದ ಲೆಚೊ, ತರಕಾರಿಯನ್ನು ಹುಳಿಕೆನೆ ಹಾಕಿ ಗಟ್ಟಿಯಾಗಿ ಬೇಯಿಸಿದ ಫೊಜೆಲೇಕ್, ಪುಡಿಮಾಡಿದ ಗಸಗಸೆ ಮತ್ತು ಸಕ್ಕರೆ ಉದುರಿಸಿದ ಶಾವಿಗೆ, ಜೂನಿನಲ್ಲಿ ಹುಳಿಚೆರ್ರಿಯ ತಣ್ಣನೆಯ ಸೂಪು. ಚಳಿಗಾಲಕ್ಕೆ ಹೋಗಬೇಡಿ. ಅದು ಮನೆಮನೆಯಲ್ಲಿ ಹಂದಿ ಕೊಯ್ಯುವ ಕಾಲ, ತೋಟದಲ್ಲಿ ಕೆಲಸವೂ ಕಡಿಮೆ. ಏಪ್ರಿಲ್‌ನಿಂದ ಅಕ್ಟೋಬರ್ ಸರಿ.

ಓಡಾಟಕ್ಕೆ 2023ರ ಮೇ ತಿಂಗಳಿಂದ ಒಂದು ಒಳ್ಳೆಯ ಅನುಕೂಲವಾಯಿತು. ಶುರುವಾದಾಗಿನ ಬೆಲೆಯಲ್ಲಿ ತಿಂಗಳಿಗೆ 18,900 ಫೋರಿಂಟ್‌ಗೆ ದೇಶವೆಲ್ಲ ಸುತ್ತುವ ರೈಲು–ಬಸ್ಸಿನ ಪಾಸು, 9,450 ಫೋರಿಂಟ್‌ಗೆ ಒಂದೇ ಜಿಲ್ಲೆಯದು. ದೊಡ್ಡ ಪಾಸು ನಮ್ಮ ಲೆಕ್ಕಕ್ಕೆ ಆಗ ನಾಲ್ಕೈದು ಸಾವಿರ ರೂಪಾಯಿ. ನಡೆಯುವ ಹುಮ್ಮಸ್ಸಿದ್ದರೆ ಆಸ್ಟ್ರಿಯಾ ಗಡಿಯ ಇರೊಟ್‌ಕೊ ಬೆಟ್ಟದಿಂದ ಈಶಾನ್ಯದ ಹೊಲ್ಲೋಹಾಜಾದವರೆಗೆ 1,100 ಕಿಲೋಮೀಟರಿಗೂ ಮೀರಿದ ನೀಲಿಪಟ್ಟಿಯ ಕಾಲುದಾರಿ ಇದೆ, 1938ರಿಂದ ಜನ ನಡೆಯುತ್ತಿರುವ ದಾರಿ. ಒಂದು ತೋಟದಿಂದ ಇನ್ನೊಂದಕ್ಕೆ ಅದರ ಒಂದು ತುಂಡನ್ನಾದರೂ ನಡೆದು ಹೋಗಿ.

ವೀಸಾ ವಿಷಯದಲ್ಲಿ ಹಗುರ ಬೇಡ. ಷೆಂಗೆನ್ ಪ್ರವಾಸಿ ವೀಸಾ ಇರುವುದು 180 ದಿನಗಳಲ್ಲಿ ಹೆಚ್ಚೆಂದರೆ 90 ದಿನ ತಿರುಗಾಡಲು; ದುಡಿಯಲು ಕೊಡುವ ವೀಸಾ ಅದಲ್ಲ. ಕೂಲಿ ಇಲ್ಲದಿದ್ದರೂ ಊಟ–ವಸತಿಗೆ ಬದಲಾಗಿ ಗೇಯುವುದನ್ನು ಕೆಲಸವೆಂದೇ ಎಣಿಸುವ ಅಧಿಕಾರಿಗಳಿದ್ದಾರೆ. ಹೊರಡುವ ಮುಂಚೆ ದೂತಾವಾಸಕ್ಕೆ ಇದ್ದದ್ದನ್ನು ಇದ್ದ ಹಾಗೆ ಬರೆದು ಕೇಳಿ, ಉತ್ತರವನ್ನು ಇಟ್ಟುಕೊಳ್ಳಿ. ಜರ್ಮನಿಯಲ್ಲೋ ನೆದರ್ಲೆಂಡ್ಸ್‌ನಲ್ಲೋ ಓದುತ್ತಿರುವ ನಮ್ಮ ಮಕ್ಕಳಿಗೆ ಹಂಗೇರಿ ಹತ್ತಿರ, ಆದರೆ ಅವರೂ ಕೇಳಿಯೇ ಹೋಗಬೇಕು. ಆರೋಗ್ಯ ವಿಮೆ ಇರಲಿ. ಹುಲ್ಲಿನಲ್ಲಿ ಉಣ್ಣೆ ಹುಳು ಹತ್ತುತ್ತದೆ, ಅದರಿಂದ ಹರಡುವ ಲೈಮ್ ಕಾಯಿಲೆ ಅಲ್ಲಿದೆ; ಉದ್ದ ಪ್ಯಾಂಟು ಹಾಕಿ, ಸಂಜೆ ಮೈಯೆಲ್ಲ ನೋಡಿಕೊಳ್ಳಿ. ಒಬ್ಬರೇ ಹೋಗುವ ಹೆಣ್ಣುಮಕ್ಕಳು ಆ ತೋಟದಲ್ಲಿ ಮೊದಲು ಇದ್ದವರ ಅಭಿಪ್ರಾಯ ಓದದೆ ಹೆಜ್ಜೆ ಇಡಬೇಡಿ, ಬೇಡವೆನಿಸಿದ ದಿನವೇ ಹೊರಟುಬರುವಷ್ಟು ಹಣ ಬೇರೆ ಇಟ್ಟಿರಿ. ದಿನಕ್ಕೆ ಎಂಟೊಂಬತ್ತು ಗಂಟೆ ದುಡಿಸಿ ಊಟಕ್ಕೆ ಕೈ ಬಿಗಿಹಿಡಿಯುವ ಜಾಗಗಳೂ ಅಲ್ಲಲ್ಲಿ ಇರುತ್ತವೆ. ಅಂಥಲ್ಲಿ ಸಂಕೋಚಪಟ್ಟು ಕೂರಬೇಡಿ.

ಭಾರತದಿಂದ ಬಂದವರೆಂದರೆ ಹಂಗೇರಿಯ ಹಿರಿಯರು ನೆನೆಯುವ ಹೆಸರೊಂದಿದೆ: ಕೊರೊಶಿ ಚೋಮಾ ಶಾಂಡೋರ್. ತನ್ನ ಜನರ ಮೂಲ ಏಷ್ಯಾದಲ್ಲೆಲ್ಲೋ ಇದೆಯೆಂದು 1819ರಲ್ಲಿ ಟ್ರಾನ್ಸಿಲ್ವೇನಿಯಾದಿಂದ ಹೆಚ್ಚುಕಡಿಮೆ ಬರಿಗೈಯಲ್ಲಿ ಹೊರಟು, ಪರ್ಷಿಯಾ, ಅಫ್ಘಾನಿಸ್ತಾನ ದಾಟಿ ಲಡಾಖ್ ಸೇರಿದವರು. ಜಂಸ್ಕಾರ್‌ನ ಬೌದ್ಧ ಮಠಗಳಲ್ಲಿ ಚಳಿಗಾಲ ಕಳೆದು ಟಿಬೆಟನ್ ಕಲಿತರು; ಅವರ ಟಿಬೆಟನ್–ಇಂಗ್ಲಿಷ್ ನಿಘಂಟು 1834ರಲ್ಲಿ ಕಲ್ಕತ್ತದಲ್ಲಿ ಅಚ್ಚಾಯಿತು. 1842ರಲ್ಲಿ ಡಾರ್ಜಿಲಿಂಗ್‌ನಲ್ಲಿ ತೀರಿಕೊಂಡರು, ಸಮಾಧಿ ಅಲ್ಲೇ ಇದೆ. ಅಂಥವರ ಜನರ ಕಡೆಗೆ ನಾವು ಹೋಗುವಾಗ, ಅವರಷ್ಟಲ್ಲದಿದ್ದರೂ, ಕಲಿಯುವ ಆಸೆಯಾದರೂ ಜೊತೆಗಿರಬೇಕು.

ಹೋಗುವ ಮನಸ್ಸಿದ್ದವರು ತೋಟದವರಿಗೆ ಫೆಬ್ರವರಿಯಲ್ಲೇ ಬರೆಯಿರಿ, ಬೇಸಿಗೆಯ ಜಾಗಗಳು ಬೇಗ ತುಂಬುತ್ತವೆ. ‘ನನಗೆ ಪ್ರಕೃತಿ ಇಷ್ಟ’ ಎಂಬ ಸಾಲು ಎಲ್ಲರೂ ಬರೆಯುವುದು. ನಿಮಗೆ ಏನು ಬರುತ್ತದೆ ಅದನ್ನು ಬರೆಯಿರಿ: ಕಸಿ ಕಟ್ಟುತ್ತೇನೆ, ಹಾಲು ಕರೆಯುತ್ತೇನೆ, ಎರೆಗೊಬ್ಬರ ಮಾಡಿ ಗೊತ್ತು, ಇಪ್ಪತ್ತು ಜನಕ್ಕೆ ಅಡುಗೆ ಮಾಡಬಲ್ಲೆ. ಏನೂ ಬಾರದಿದ್ದರೆ ಅದನ್ನೂ ಬರೆಯಿರಿ, ಕಲಿಯಲು ಎಷ್ಟು ವಾರ ಕೊಡುತ್ತೀರಿ ಎಂಬುದರ ಸಮೇತ. ಮೂರು ವಾರಕ್ಕೆ ಕಡಿಮೆ ಬೇಡ. ಮೊದಲ ವಾರ ಅವರು ನಿಮಗೆ ಕಲಿಸುವುದರಲ್ಲೇ ಹೋಗುತ್ತದೆ. ಅವರ ಹೊಲಕ್ಕೆ ನಿಮ್ಮ ಕೈ ಉಪಯೋಗಕ್ಕೆ ಬರುವುದು ಎರಡನೆಯ ವಾರದಿಂದ.